ಮಷೀನ್ ಅಸಲಿ, ಡಯಲ್ ನಕಲಿ: ಹಳೇ ಎಚ್‌ಎಂಟಿ ಕೊಳ್ಳುವವರು ಓದಿ

ಎಚ್‌ಎಂಟಿಯ ಹಳೇ ಪೈಲಟ್ ಮಾಡೆಲ್ ವಾಚ್ ಮಾರುವವರು ಈಗ ಕೇಳುವ ಮೊದಲೇ ಹಿಂದಿನ ಮುಚ್ಚಳ ಬಿಚ್ಚಿ ಒಳಗಿನ ಮಷೀನ್ ತೋರಿಸುತ್ತಾರೆ. ಅದೊಂದನ್ನೇ ನೋಡಿ ದುಡ್ಡು ಕಳಿಸಬೇಡಿ. ನನಗೆ ಟೋಪಿ ಹಾಕಿದ್ದು ಹಾಗೇ.

ಆನ್‌ಲೈನ್‌ನಲ್ಲಿ ಸಿಕ್ಕ ಆಸಾಮಿ, ಹೊರರಾಜ್ಯದವನು. ‘ಫುಲ್ ಒರಿಜಿನಲ್ ಪೀಸ್ ಸಾರ್’ ಅಂತ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ. ಒಳಗಿದ್ದದ್ದು ಎಚ್‌ಎಂಟಿ ಅಚ್ಚಿನ 17 ಜ್ಯುವೆಲ್ಸ್ (ಚಕ್ರಗಳು ಸವೆಯದಂತೆ ಕೂರಿಸುವ ಸಣ್ಣ ಹರಳುಗಳು) ಮಷೀನ್, ಚೆನ್ನಾಗಿಯೇ ಓಡುತ್ತಿತ್ತು. 4,500 ರೂಪಾಯಿ ಕೊಟ್ಟೆ. ಕೊರಿಯರ್‌ನಲ್ಲಿ ಬಂದ ವಾಚಿನ ಕಪ್ಪು ಡಯಲ್ ಫಳಫಳ ಹೊಳೆಯುತ್ತಿತ್ತು.

ಗುಟ್ಟು ಹೊರಬಿದ್ದದ್ದು ಸರ್ವಿಸ್‌ಗೆ ಕೊಟ್ಟಾಗ. ನಮ್ಮ ಕಡೆಯ ವಾಚ್ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಡಯಲ್ ಬಿಚ್ಚಿದರು. ಅದರ ಅಂಚನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಬಣ್ಣದ ಕೆಳಗೆ ಕೆನೆಬಣ್ಣದ ಸಣ್ಣ ಗೆರೆ. ಮುಳ್ಳು ಕೂರುವ ನಡುತೂತಿನ ಸುತ್ತಲೂ ಅದೇ ಬಣ್ಣ ಇಣುಕುತ್ತಿತ್ತು. ‘ಯಾವುದೋ ಬಿಳಿ ಡಯಲ್ ಸಾರ್, ಮೇಲೆ ಪೇಂಟ್ ಹೊಡೆದಿದ್ದಾರೆ’ ಅಂದರು. ಆಮೇಲೆ ನನ್ನ ಕೈಗೇ ಭೂತಗನ್ನಡಿ ಕೊಟ್ಟರು. ಪೆಟ್ಟು ತಡೆಯುವ ಮಷೀನ್ ಅಂತ ಡಯಲ್ ಮೇಲೆ ಬರೆಯುವ, ಬರಿಗಣ್ಣಿಗೆ ಸರಿಯಾಗಿ ಕಂಡಿದ್ದ ‘ಪ್ಯಾರಾ ಶಾಕ್’ ಅಕ್ಷರಗಳು ಒದ್ದೆ ನೆಲದ ಮೇಲೆ ಬಿಟ್ಟ ರಂಗೋಲಿ ಹಾಗೆ ಹರಡಿಕೊಂಡಿದ್ದವು. 12ರ ಅಂಕಿ ಅದರ ಮೇಲಿನ ನಿಮಿಷದ ಗೆರೆಗೆ ನೇರವಾಗಿಯೇ ಇರಲಿಲ್ಲ.

ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಆದ, ಕೀ ಕೊಡುವ ಜನತಾದಲ್ಲೂ ಪೈಲಟ್‌ನಲ್ಲೂ ಹೆಚ್ಚಾಗಿ ಇರುವುದು 0231 ಅನ್ನೋ ಒಂದೇ ಮಷೀನ್. ಮೂಲ ವಿನ್ಯಾಸ ಜಪಾನಿನ ಸಿಟಿಜನ್‌ದು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಶುರುವಾಗಿದ್ದೇ ಅವರ ಜೊತೆ ಸೇರಿ. ಹಾಗಾಗಿ ಮಷೀನ್ ಎಷ್ಟೇ ಅಸಲಿಯಾಗಿದ್ದರೂ ಮುಂದಿನ ಡಯಲ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಜನತಾಕ್ಕಿಂತ ಪೈಲಟ್‌ಗೆ ರೇಟು ಜಾಸ್ತಿ. 2016ರಲ್ಲಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ ಮೇಲಂತೂ ಹಳೇ ಎಚ್‌ಎಂಟಿ ಹಿಂದೆ ಬೀಳುವವರು ಹೆಚ್ಚಾದರು. ಕೆಂಪು, ನೀಲಿ, ಕಿತ್ತಳೆ ಬಣ್ಣದ ಪೈಲಟ್‌ಗಳು ಕಂಡರೆ ಬಹುತೇಕ ಪೇಂಟ್ ಹೊಡೆದವೇ ಅಂದುಕೊಳ್ಳಿ. ಚೆಂದ ಕಾಣುತ್ತೆ ಅಂತ ಗೊತ್ತಿದ್ದೂ ಕೊಳ್ಳುವವರಿದ್ದಾರೆ, ಅದು ಅವರಿಷ್ಟ. ಒರಿಜಿನಲ್ ಅಂತ ಹೇಳಿ ಮಾರಬಾರದು ಅಷ್ಟೇ.

ಡಯಲ್‌ನ ಫೋಟೊ ಕೇಳುವಾಗ ಹಗಲು ಬೆಳಕಿನಲ್ಲಿ, ತೀರಾ ಹತ್ತಿರದಿಂದ ತೆಗೆದದ್ದು ಕೇಳಿ. ಆಗಬಹುದಾದರೆ ಗಾಜು ತೆಗೆಸಿ. ಕೇಸ್‌ನ ಮೂಲೆಗಳು ಸವೆದು ಹಿತ್ತಾಳೆ ಕಾಣುತ್ತಿದ್ದು, ಡಯಲ್ ಮಾತ್ರ ನಿನ್ನೆ ಮೊನ್ನೆ ಮಾಡಿದಂತಿದ್ದರೆ ಅನುಮಾನ ಪಡಿ. ಮುಳ್ಳಿನ ರೇಡಿಯಂ ಹಚ್ಚ ಹಸಿರು, ಡಯಲ್‌ನದ್ದು ಮಂಕಾಗಿದ್ದರೆ ಒಂದು ಬೇರೆ ಕಡೆಯಿಂದ ಬಂದಿರಬಹುದು, ಅಲ್ವಾ? ನಿಮಿಷದ ಮುಳ್ಳು ನಿಮಿಷದ ಗೆರೆಗಳ ತನಕ ಮುಟ್ಟದೆ ಮೊದಲೇ ನಿಂತರೂ ಅಷ್ಟೇ. ಡಯಲ್‌ನ ಬೆನ್ನಿಗೆ ಎರಡು ಸಣ್ಣ ಕಾಲುಗಳಿರಬೇಕು, ಅವು ಮಷೀನಿನ ತೂತಿನಲ್ಲಿ ಕೂರುತ್ತವೆ. ನನ್ನದಕ್ಕೆ ಒಂದು ಕಾಲು ಮುರಿದು ಗಮ್ ಹಾಕಿದ್ದರು. ಬೆಂಗಳೂರಿನವರಿಗೆ ಇನ್ನೊಂದು ಅನುಕೂಲ ಇದೆ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂನಲ್ಲಿ ಹಳೇ ವಾಚುಗಳನ್ನು ಇಟ್ಟಿದ್ದಾರೆ. ಕೊಳ್ಳುವ ಮೊದಲು ಒಮ್ಮೆ ಹೋಗಿ ಅಸಲಿ ಡಯಲ್ ಮೇಲಿನ ಅಚ್ಚು ಹೇಗಿರುತ್ತೆ ಅಂತ ನೋಡಿಕೊಂಡು ಬನ್ನಿ.

ಮಾರಿದವನಿಗೆ ಬಿಚ್ಚಿದ ಡಯಲ್ ಫೋಟೊ ಕಳಿಸಿದೆ. ‘ಮಷೀನ್ ಒರಿಜಿನಲ್ ತಾನೇ ಸಾರ್?’ ಅಂತ ಉತ್ತರ ಬಂತು. ಆಮೇಲೆ ಬ್ಲಾಕ್ ಮಾಡಿದ. ಜಾಹೀರಾತೂ ಮಾಯ. ‘ಫುಲ್ ಒರಿಜಿನಲ್’ ಅಂತ ಬರೆದಿದ್ದ ಪುಟದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದ್ದದ್ದರಿಂದ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆಯಿತು. ದುಡ್ಡು ಇನ್ನೂ ಬಂದಿಲ್ಲ.