ಎಕ್ಸೆಲ್ ಮ್ಯಾಕ್ರೋ, ಹಲವು ವರ್ಷ ಬಳಸಿದ ಮೇಲೆ: ಒಬ್ಬರಿಗೆ ಓಡುತ್ತದೆ, ಇನ್ನೊಬ್ಬರಿಗೆ ಯಾಕೆ ನಿಲ್ಲುತ್ತದೆ?

ಎಕ್ಸೆಲ್‌ನ ವಿಬಿಎ ಮ್ಯಾಕ್ರೋಗಳನ್ನು, ಅಂದರೆ ಎಕ್ಸೆಲ್ ಕೆಲಸಗಳನ್ನು ತಾನಾಗಿ ಮಾಡಿಸಲು ವಿಬಿಎ ಎಂಬ ಭಾಷೆಯಲ್ಲಿ ಬರೆಯುವ ಸಣ್ಣ ಪ್ರೋಗ್ರಾಮುಗಳನ್ನು, ನಾನು ಬಹಳ ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಕೆಲಸಕ್ಕಷ್ಟೇ ಅಲ್ಲ, ಬೇರೆಯವರಿಗೆ ಕೊಡಲೂ ಬರೆಯುತ್ತೇನೆ. ಒಬ್ಬರೇ ಬಳಸುವ ಫೈಲ್ ಆದರೆ ಯೋಚನೆ ಮಾಡದೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಅದೇ ಫೈಲು ಹತ್ತು ಜನರ ಕೈಗೆ ಹೋದರೆ ಮೂರೂವರೆ. ಉಳಿದ ಒಂದೂವರೆ ಎಲ್ಲಿ ಹೋಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ವಿಬಿಎ ಎಕ್ಸೆಲ್‌ಗೆ ಬಂದದ್ದು 1993ರಲ್ಲಿ, ಎಕ್ಸೆಲ್ 5ರ ಜೊತೆ. ಆ ಕಾಲದ ಸರಳ ಕೋಡ್ ಎಷ್ಟೋ ಈಗಲೂ ಹಾಗೇ ಓಡುತ್ತದೆ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ರೆಕಾರ್ಡ್ ಒತ್ತಿ ಕೆಲಸ ಮಾಡಿ ತೋರಿಸಿದರೆ ಅರ್ಧ ಕೋಡ್ ತಾನೇ ಬರೆದುಕೊಡುತ್ತದೆ. ಪ್ರೋಗ್ರಾಮಿಂಗ್ ಓದದವರು ಕೂಡ ದಿನಗಟ್ಟಲೆ ಹಿಡಿಯುವ ಕೆಲಸವನ್ನು ನಿಮಿಷಕ್ಕೆ ಇಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇದಕ್ಕೆ ಸಮನಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

ತೊಂದರೆ ಎಲ್ಲಿ ಅಂದರೆ, ಮ್ಯಾಕ್ರೋ ಫೈಲಿನ ಒಳಗೇ ಇದ್ದರೂ ತನಗೆ ಬೇಕಾದದ್ದನ್ನೆಲ್ಲ ಜೊತೆಗೆ ತರುವುದಿಲ್ಲ. ದಿನಾಂಕ ಓದುವ ರೀತಿ, ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್), ಫೋಲ್ಡರ್ ಇರುವ ಜಾಗ, ಪ್ರಿಂಟರ್, ಕೊನೆಗೆ ಬಳಸುವವರು ಸ್ವಲ್ಪ ಹೊತ್ತಿನ ಮುಂಚೆ ಏನು ಹುಡುಕಿದ್ದರು ಅನ್ನುವುದು, ಇವೆಲ್ಲ ಆ ಕಂಪ್ಯೂಟರಿನಿಂದ ಪಡೆದ ಎರವಲು. ಎರವಲು ಪಡೆಯುವಾಗ ಹೇಳುವುದೂ ಇಲ್ಲ. ಅದಕ್ಕೇ "ನನ್ನಲ್ಲಿ ಓಡ್ತಿದೆಯಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆ ಕಮ್ಮಿ. ಕೋಡನ್ನು ಸಾಲು ಸಾಲಾಗಿ ಓದುವುದಕ್ಕಿಂತ, ಓಡುವ ಕಂಪ್ಯೂಟರ್ ಮತ್ತು ಓಡದ ಕಂಪ್ಯೂಟರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಬೇಗ ಸಿಗುತ್ತದೆ.

ಯಾರಾದರೂ "ಮ್ಯಾಕ್ರೋ ಕೆಲಸ ಮಾಡ್ತಿಲ್ಲ" ಅಂದರೆ ನಾನು ಮೊದಲು ಕೇಳುವುದು ಒಂದೇ. ಬಟನ್ ಒತ್ತಿದರೂ ಏನೂ ಆಗುತ್ತಿಲ್ಲವೇ, ಎರರ್ ಬಾಕ್ಸ್ ಬರುತ್ತಿದೆಯೇ, ಇಲ್ಲ ಓಡಿ ತಪ್ಪು ಉತ್ತರ ಕೊಡುತ್ತಿದೆಯೇ? ಮೂರೂ ಬೇರೆ ಬೇರೆ ಕಾಯಿಲೆ. ಮೂರನೆಯದೇ ಅಪಾಯದ್ದು.

ಏನೂ ಆಗುತ್ತಿಲ್ಲ ಅಂದರೆ ಮುಕ್ಕಾಲು ಪಾಲು ಭದ್ರತೆಯ ವಿಷಯ. ಇಂಟರ್ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು ತಾನಾಗಿಯೇ ತಡೆಯುವ ಕ್ರಮವನ್ನು ಮೈಕ್ರೋಸಾಫ್ಟ್ 2022ರಲ್ಲಿ ತಂದಿತು. ಮೊದಲು ಹಳದಿ ಪಟ್ಟಿ ಬರುತ್ತಿತ್ತು, 'ಎನೇಬಲ್ ಕಂಟೆಂಟ್' ಒತ್ತಿದರೆ ಮುಗಿಯಿತು. ಈಗ ಅಂಥ ಫೈಲಿಗೆ ಕೆಂಪು ಪಟ್ಟಿ ಬರುತ್ತದೆ, ಅದರಲ್ಲಿ ಎನೇಬಲ್ ಮಾಡುವ ಬಟನ್ನೇ ಇಲ್ಲ. ಡೌನ್‌ಲೋಡ್ ಮಾಡಿದ ಫೈಲಿನ ಮೇಲೆ ವಿಂಡೋಸ್ ಒಂದು ಗುರುತು ಹಾಕಿಡುತ್ತದೆ, ಎಕ್ಸೆಲ್ ನೋಡುವುದು ಆ ಗುರುತನ್ನು. ಒಂದೇ ಫೈಲು ಒಬ್ಬರಿಗೆ ಓಡಿ ಇನ್ನೊಬ್ಬರಿಗೆ ನಿಲ್ಲುವುದು ಹೀಗೆ: ಒಬ್ಬರು ಮೇಲ್‌ನಿಂದ ಇಳಿಸಿಕೊಂಡಿರುತ್ತಾರೆ, ಗುರುತು ಬಿದ್ದಿರುತ್ತದೆ. ಇನ್ನೊಬ್ಬರು ಪೆನ್‌ಡ್ರೈವಿನಲ್ಲಿ ತಂದಿರುತ್ತಾರೆ. ಆ ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ ಗುರುತು ಅಲ್ಲೇ ಉದುರಿಹೋಗುತ್ತದೆ. ಜಿಪ್ ಫೈಲಿನಲ್ಲೂ ಇದೇ ಕಥೆ. ವಿಂಡೋಸ್‌ನಲ್ಲೇ ಬಿಚ್ಚಿದರೆ ಒಳಗಿನ ಫೈಲುಗಳಿಗೂ ಗುರುತು ಅಂಟಿಕೊಳ್ಳುತ್ತದೆ.

ಪರಿಹಾರ ಸಣ್ಣದು. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ 'ಅನ್‌ಬ್ಲಾಕ್' ಅಂತಿರುವಲ್ಲಿ ಟಿಕ್. ಜಿಪ್ ಆದರೆ ಬಿಚ್ಚುವ ಮುಂಚೆಯೇ ಹೀಗೆ ಮಾಡಿ. ಎಲ್ಲರೂ ದಿನಾ ಬಳಸುವ ಫೈಲಾದರೆ ಒಂದು ಫೋಲ್ಡರನ್ನು 'ಟ್ರಸ್ಟೆಡ್ ಲೊಕೇಶನ್', ಅಂದರೆ ಎಕ್ಸೆಲ್ ನಂಬುವ ಜಾಗ, ಮಾಡಿಸುವುದು ಒಳ್ಳೆಯದು. ಆದರೆ ಯಾರಿಗೂ "ಎಲ್ಲ ಮ್ಯಾಕ್ರೋ ಎನೇಬಲ್ ಮಾಡಿಬಿಡಿ" ಅಂತ ಹೇಳಬೇಡಿ. ನಿಮ್ಮ ಒಂದು ಫೈಲಿಗೋಸ್ಕರ ಅವರ ಕಂಪ್ಯೂಟರಿಗೆ ಬರುವ ಪ್ರತಿ ಕೆಟ್ಟ ಫೈಲಿಗೂ ಬಾಗಿಲು ತೆರೆದಂತಾಗುತ್ತದೆ. ಈ ತಡೆ ಕಿರಿಕಿರಿ ಅನ್ನುವವರು ಬಹಳ ಜನ ಇದ್ದಾರೆ, ನನಗೆ ಮಾತ್ರ ಇದು ಸರಿಯಾದ ನಿರ್ಧಾರ ಅನಿಸಿದೆ.

ಬಟನ್ ಬಗ್ಗೆಯೇ ಇನ್ನೊಂದು ಮಾತು. ಶೀಟಿನ ಮೇಲೆ ಆಕ್ಟಿವ್‌ಎಕ್ಸ್ (ಮೈಕ್ರೋಸಾಫ್ಟ್‌ನ ಹಳೆಯ ತಂತ್ರ) ಬಟನ್ ಇಡಬೇಡಿ. 2014ರ ಡಿಸೆಂಬರ್‌ನ ಒಂದು ಅಪ್‌ಡೇಟ್ ಆದ ಮೇಲೆ ಎಷ್ಟೋ ಕಡೆ ಇಂಥ ಬಟನ್‌ಗಳು ಸತ್ತವು, ಟೆಂಪ್ ಫೋಲ್ಡರಿನಲ್ಲಿ .exd ಎಂದು ಕೊನೆಯಾಗುವ ಫೈಲ್‌ಗಳನ್ನು ಅಳಿಸಬೇಕಾಯಿತು. ಆಫೀಸ್ 2024ರಿಂದ ಆಕ್ಟಿವ್‌ಎಕ್ಸ್ ಆಫ್ ಆಗಿಯೇ ಬರುತ್ತದೆ. ಸಾದಾ ಫಾರ್ಮ್ ಬಟನ್ ಸಾಕು.

ಎರರ್ ಬಾಕ್ಸ್ ಬರುವ ಕೇಸುಗಳಲ್ಲಿ ಹೊಸಬರನ್ನು ಜಾಸ್ತಿ ಸುತ್ತಿಸುವುದು 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ'. ಯಾಕೆಂದರೆ ಅದು ತೋರಿಸುವ ಸಾಲು ಬೇರೆ, ತಪ್ಪಿರುವ ಜಾಗ ಬೇರೆ. 'ಲೆಫ್ಟ್' ಅಥವಾ 'ಡೇಟ್' ಎಂಬ ಪದ ಹೈಲೈಟ್ ಆಗಿರುತ್ತದೆ. ಪಾಪ, ಆ ಫಂಕ್ಷನ್‌ಗಳಲ್ಲಿ ಏನೂ ತಪ್ಪಿಲ್ಲ. ವಿಬಿಎ ಎಡಿಟರಿನಲ್ಲಿ ಟೂಲ್ಸ್, ಅದರೊಳಗೆ ರೆಫರೆನ್ಸಸ್ (ಫೈಲು ಬಳಸುವ ಲೈಬ್ರರಿಗಳ ಪಟ್ಟಿ) ತೆರೆಯಿರಿ. ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ 'ಮಿಸ್ಸಿಂಗ್' ಅಂತ ಇರುತ್ತದೆ. ಇದೂ ಕೆಲವರಿಗೆ ಮಾತ್ರ ಬರಲು ಕಾರಣ ಇದೆ. ಹಳೆಯ ಆಫೀಸಿನಲ್ಲಿ ಔಟ್‌ಲುಕ್ ಲೈಬ್ರರಿ ಸೇರಿಸಿದ ಫೈಲನ್ನು ಹೊಸ ಆಫೀಸ್ ಇರುವವರು ತೆರೆದು ಸೇವ್ ಮಾಡಿದರೆ, ರೆಫರೆನ್ಸ್ ತಾನೇ ಹೊಸ ಆವೃತ್ತಿಗೆ ಏರುತ್ತದೆ. ಮತ್ತೆ ಹಳೆಯದರಲ್ಲಿ ತೆರೆದಾಗ ಇಳಿಯುವುದಿಲ್ಲ. ಹೀಗಾಗಿ ನಿನ್ನೆ ಓಡಿದ್ದು ಇವತ್ತು ಓಡುವುದಿಲ್ಲ, ಕೋಡನ್ನು ಯಾರೂ ಮುಟ್ಟಿಯೂ ಇರುವುದಿಲ್ಲ. ಹಂಚುವ ಫೈಲಿನಲ್ಲಿ ರೆಫರೆನ್ಸ್ ಬಿಟ್ಟು, ಓಡುವಾಗಲೇ ಆ ಕಂಪ್ಯೂಟರಿನ ಔಟ್‌ಲುಕ್ ಹುಡುಕಿಕೊಳ್ಳುವ 'ಕ್ರಿಯೇಟ್ ಆಬ್ಜೆಕ್ಟ್' ಬಳಸಿ. ಔಟ್‌ಲುಕ್ ಹೆಸರಿಟ್ಟು ಕೊಡುವ ಸ್ಥಿರಾಂಕಗಳು (ಬದಲಾಗದ ಸಂಖ್ಯೆಗಳು) ಆಗ ಸಿಗುವುದಿಲ್ಲ, ಅವುಗಳ ಸಂಖ್ಯೆಯನ್ನೇ ಬರೆಯಬೇಕಾಗುತ್ತದೆ. ಅಷ್ಟು ಕಷ್ಟ ಪಡಬಹುದು. ಇಷ್ಟಾದರೂ 429 ಎರರ್ ಬಂದರೆ, ಅವರ ಬಳಿ ಹೊಸ ಔಟ್‌ಲುಕ್ ಮಾತ್ರ ಇದೆಯೇ ಅಂತ ಕೇಳಿ. ಅದನ್ನು ವಿಬಿಎಯಿಂದ ನಡೆಸಲು ಬರುವುದಿಲ್ಲ, ಹಳೆಯ ಕ್ಲಾಸಿಕ್ ಔಟ್‌ಲುಕ್ ಇರಲೇಬೇಕು.

ಆಫೀಸಿನ 32 ಬಿಟ್, 64 ಬಿಟ್ ಆವೃತ್ತಿಗಳ ಜಗಳ ಈಗ ಕಮ್ಮಿಯಾಗಿದೆ. ವಿಂಡೋಸ್ ಎಪಿಐ (ವಿಂಡೋಸ್‌ನದೇ ಒಳಗಿನ ಫಂಕ್ಷನ್‌ಗಳು) ಕರೆಯುವ 'ಡಿಕ್ಲೇರ್' ಸಾಲುಗಳು ಕೆಂಪಾಗಿ ಕಂಡರೆ 'ಪಿಟಿಆರ್‌ಸೇಫ್' ಸೇರಿಸಿ, ಪಾಯಿಂಟರ್ ಮತ್ತು ಹ್ಯಾಂಡಲ್‌ಗಳಿಗೆ (ಮೆಮೊರಿಯ ಜಾಗ, ಕಿಟಕಿ ಮುಂತಾದವನ್ನು ಸೂಚಿಸುವ ಸಂಖ್ಯೆಗಳು) 'ಲಾಂಗ್‌ಪಿಟಿಆರ್' ಬಳಸಿ. ಆಫೀಸ್ 2010ರಿಂದ ಈಚೆಗೆ ಎರಡರಲ್ಲೂ ನಡೆಯುತ್ತದೆ.

ಫೋಲ್ಡರ್ ದಾರಿಯ ತೊಂದರೆ ಮಾತ್ರ ಹೆಚ್ಚುತ್ತಲೇ ಇದೆ. ಫೈಲು ಇರುವ ಜಾಗ ಕೇಳಿದರೆ ಮೊದಲೆಲ್ಲ ಸಿ ಡ್ರೈವಿನಿಂದ ಶುರುವಾಗುವ ದಾರಿ ಸಿಗುತ್ತಿತ್ತು. ಈಗ ಫೈಲು ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ) ಜೊತೆ ಸಿಂಕ್ ಆಗುತ್ತಿದ್ದರೆ ವೆಬ್ ವಿಳಾಸ ಸಿಗುತ್ತದೆ. ಅದನ್ನು ಫೈಲು ಹುಡುಕುವ 'ಡಿರ್' ಫಂಕ್ಷನ್‌ಗೆ ಕೊಟ್ಟರೆ ಎರರ್ 52. ಡೆಸ್ಕ್‌ಟಾಪ್ ಕೂಡ ಒನ್‌ಡ್ರೈವ್ ಒಳಗೆ ಹೋಗಿರಬಹುದು. ಹಾಗಾಗಿ ಬಳಕೆದಾರರ ಹೆಸರಿನ ಮುಂದೆ 'ಡೆಸ್ಕ್‌ಟಾಪ್' ಅಂತ ಸೇರಿಸಿ ಕಟ್ಟಿದ ದಾರಿ ಕೆಲವರಲ್ಲಿ ಇರುವುದೇ ಇಲ್ಲ. ದಾರಿಯನ್ನು ಕೋಡ್ ಊಹಿಸುವ ಬದಲು ಫೋಲ್ಡರ್ ಆರಿಸುವ ಕಿಟಕಿ ತೆರೆದು ಬಳಸುವವರನ್ನೇ ಕೇಳುವುದು ವಾಸಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ಗಮನಿಸಿ. 'ಡಿರ್' ಕನ್ನಡ ಅಕ್ಷರಗಳನ್ನು ಬರೀ ಪ್ರಶ್ನಾರ್ಥಕ ಚಿಹ್ನೆ ಮಾಡಿ ಕೊಡುತ್ತದೆ. ಆ ಹೆಸರಿನಲ್ಲಿ ಫೈಲ್ ತೆರೆಯಲು ಹೋದರೆ ಇಲ್ಲ ಅನ್ನುತ್ತದೆ. ಎಡಿಟರಿನಲ್ಲಿ ಕನ್ನಡ ಟೈಪ್ ಮಾಡಿದರೂ ಅದೇ ಗತಿ. ಸೆಲ್ಲಿನಲ್ಲಿ ಮಾತ್ರ ಕನ್ನಡ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಫೈಲುಗಳನ್ನು ಓದಲು 'ಡಿರ್' ಬದಲು ವಿಂಡೋಸ್‌ನ 'ಫೈಲ್ ಸಿಸ್ಟಮ್ ಆಬ್ಜೆಕ್ಟ್' ಬಳಸಿ, ಕನ್ನಡದ ಪದಗಳನ್ನು ಒಂದು ಶೀಟಿನಲ್ಲಿ ಬರೆದಿಟ್ಟು ಅಲ್ಲಿಂದ ತೆಗೆದುಕೊಳ್ಳಿ. ಇಷ್ಟು ಹಳೆಯ, ಇಷ್ಟು ಜನ ಬಳಸುವ ಸಾಧನದಲ್ಲಿ ನಮ್ಮ ಅಕ್ಷರಕ್ಕೆ ಈಗಲೂ ಈ ಸ್ಥಿತಿ ಇರುವುದು ನನಗೆ ನಿಜಕ್ಕೂ ಬೇಸರ.

ಈಗ ಆ ಮೂರನೆಯ ಜಾತಿ, ಓಡಿಯೂ ತಪ್ಪು ಉತ್ತರ ಕೊಡುವುದು. ಇದರಲ್ಲಿ ದಿನಾಂಕದ್ದೇ ಮೊದಲ ಸ್ಥಾನ. 03/04/2024 ಅಂತ ಪಠ್ಯವಾಗಿ ಬಂದ ದಿನಾಂಕವನ್ನು, ಪಠ್ಯವನ್ನು ದಿನಾಂಕ ಮಾಡುವ 'ಸಿಡೇಟ್' ಫಂಕ್ಷನ್‌ಗೆ ಕೊಟ್ಟರೆ ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡುತ್ತದೆ. ದಿನ ಮೊದಲು ಇರುವ ಕಂಪ್ಯೂಟರಿನಲ್ಲಿ ಏಪ್ರಿಲ್ 3. ತಿಂಗಳು ಮೊದಲು ಇರುವುದರಲ್ಲಿ ಮಾರ್ಚ್ 4. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇನ್ನೂ ಕೆಟ್ಟದ್ದೇನೆಂದರೆ 25/04/2024 ಎರಡರಲ್ಲೂ ಏಪ್ರಿಲ್ 25 ಆಗುತ್ತದೆ, ಯಾಕೆಂದರೆ 25ನೇ ತಿಂಗಳು ಇಲ್ಲವಲ್ಲ, ವಿಬಿಎ ತಾನೇ ತಿರುಗಿಸಿಕೊಳ್ಳುತ್ತದೆ. ಹೀಗೆ ಹದಿಮೂರರಿಂದ ಮುಂದಿನ ದಿನಗಳೆಲ್ಲ ಸರಿ, ಒಂದರಿಂದ ಹನ್ನೆರಡರವರೆಗಿನವು ಅದಲುಬದಲು. ಮೇಲೆ ಮೇಲೆ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಿಂಗಳ ಮೊತ್ತ ಮಾತ್ರ ಹೊಂದುವುದಿಲ್ಲ. ಯಾರಾದರೂ "ನಮ್ಮ ರಿಪೋರ್ಟ್‌ನಲ್ಲಿ ಕೆಲವೇ ಸಾಲು ತಪ್ಪಾಗಿವೆ" ಅಂದರೆ ನಾನು ನೇರವಾಗಿ ತಿಂಗಳ ಮೊದಲ ಹನ್ನೆರಡು ದಿನ ನೋಡುತ್ತೇನೆ. ಪಠ್ಯವನ್ನು ಓರೆಗೆರೆಯಲ್ಲಿ ಮೂರು ತುಂಡು ಮಾಡಿ 'ಡೇಟ್ ಸೀರಿಯಲ್'ಗೆ ವರ್ಷ, ತಿಂಗಳು, ದಿನ ಅಂತ ಬಿಡಿಯಾಗಿ ಕೊಟ್ಟರೆ ಯಾವ ಸೆಟ್ಟಿಂಗ್ ಇದ್ದರೂ ಉತ್ತರ ಒಂದೇ.

ಇದಕ್ಕಿಂತ ಕಣ್ಣಿಗೆ ಬೀಳದ್ದು ಸೆಲ್ಲುಗಳಲ್ಲಿ ಹುಡುಕುವ 'ಫೈಂಡ್'. ಸೆಲ್ಲಿನಲ್ಲಿ 'ಗ್ರ್ಯಾಂಡ್ ಟೋಟಲ್' ಅಂತಿದೆ, ಮ್ಯಾಕ್ರೋ 'ಟೋಟಲ್' ಹುಡುಕುತ್ತದೆ ಅಂತಿಟ್ಟುಕೊಳ್ಳಿ. ಬಳಸುವವರು ಅದಕ್ಕೂ ಮುಂಚೆ ಕಂಟ್ರೋಲ್ ಎಫ್ ಒತ್ತಿ, ಸೆಲ್ ಪೂರ್ತಿ ಹೊಂದಬೇಕು ಅನ್ನುವ ಆಯ್ಕೆಗೆ ಟಿಕ್ ಹಾಕಿ ಏನೋ ಹುಡುಕಿದ್ದರೆ, ಆ ಟಿಕ್ ಮ್ಯಾಕ್ರೋಗೂ ಅನ್ವಯಿಸುತ್ತದೆ. ಮ್ಯಾಕ್ರೋಗೆ ಏನೂ ಸಿಗುವುದಿಲ್ಲ, ಮುಂದಿನ ಸಾಲಿನಲ್ಲಿ ಎರರ್ 91. ಎಕ್ಸೆಲ್ ಮುಚ್ಚಿ ತೆರೆದರೆ ಸರಿಹೋಗುತ್ತದೆ. ಸಹಾಯಕ್ಕೆ ಬಂದವರು ನೋಡುವ ಹೊತ್ತಿಗೆ ತೊಂದರೆಯೇ ಇರುವುದಿಲ್ಲ! 'ಲುಕ್ ಇನ್' (ಯಾವುದರಲ್ಲಿ ಹುಡುಕಬೇಕು), 'ಲುಕ್ ಅಟ್' (ಸೆಲ್ ಪೂರ್ತಿ ಹೊಂದಬೇಕೇ) ಎರಡನ್ನೂ ಪ್ರತಿ ಸಲ ಕೋಡಿನಲ್ಲಿ ಬರೆದರೆ ಈ ಕಾಟ ಇಲ್ಲ. ಲೆಕ್ಕ ಮಾಡುವ ಕ್ರಮವೂ ಹೀಗೆಯೇ. ಆ ದಿನ ಮೊದಲು ತೆರೆದ ಫೈಲು ಮ್ಯಾನುಯಲ್‌ನಲ್ಲಿದ್ದರೆ (ಹೇಳಿದಾಗ ಮಾತ್ರ ಲೆಕ್ಕ ಮಾಡುವ ಕ್ರಮ) ಆಮೇಲೆ ತೆರೆದ ನಿಮ್ಮ ಫೈಲೂ ಮ್ಯಾನುಯಲ್, ಹಳೆಯ ಅಂಕಿಗಳನ್ನೇ ಮ್ಯಾಕ್ರೋ ಎತ್ತಿಕೊಳ್ಳುತ್ತದೆ.

ಡೇಟಾ ದೊಡ್ಡದಾಗಿರುವವರಿಗೆ ಮಾತ್ರ ಎರರ್ 6 ಬರುತ್ತಿದ್ದರೆ ಸಾಲು ಎಣಿಸುವ ವೇರಿಯಬಲ್ 'ಇಂಟಿಜರ್' ಆಗಿರುತ್ತದೆ, ಅದು 32,767ಕ್ಕೆ ನಿಲ್ಲುತ್ತದೆ. ಶೀಟಿನಲ್ಲಿ 10,48,576 ಸಾಲುಗಳಿವೆ. 'ಲಾಂಗ್' ಅಂತ ಬದಲಾಯಿಸಿ, ಮುಗಿಯಿತು.

ಇವೆಲ್ಲವನ್ನೂ ಹುಡುಕಲಾಗದಂತೆ ಮಾಡುವುದು 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್', ಅಂದರೆ ಎರರ್ ಬಂದರೂ ಮುಂದಿನ ಸಾಲಿಗೆ ಹೋಗು ಅನ್ನುವ ಆಜ್ಞೆ. ಮ್ಯಾಕ್ರೋದ ಮೊದಲ ಸಾಲಿನಲ್ಲೇ ಇದನ್ನು ಹಾಕಿಬಿಡುವವರು ಬಹಳ. ಎರರ್ ಕಾಣದಂತಾಗುತ್ತದೆ ಅಷ್ಟೇ, ಹೋಗುವುದಿಲ್ಲ. ಸೇರಬೇಕಾದ ಹತ್ತು ಫೈಲುಗಳಲ್ಲಿ ಎರಡು ಸೇರದೆ "ಕೆಲಸ ಮುಗಿದಿದೆ" ಅಂತ ಸಂದೇಶ ಬಂದರೆ ಅದನ್ನು ನಂಬಿದವರ ಗತಿ ಏನು? ಎಲ್ಲಿ ಎರರ್ ಬರುತ್ತದೆ ಅಂತ ಗೊತ್ತಿದೆಯೋ ಆ ಒಂದು ಸಾಲಿಗೆ ಮಾತ್ರ ಬಳಸಿ, ಮುಂದಿನ ಸಾಲಿನಲ್ಲೇ ಅದನ್ನು ರದ್ದು ಮಾಡುವ 'ಆನ್ ಎರರ್ ಗೋಟು ಝೀರೋ' ಹಾಕಿ.

ಅದರ ಬದಲು ನಾನು ಹಂಚುವ ಪ್ರತಿ ಫೈಲಿನಲ್ಲೂ 'ದಾಖಲೆ' ಅಂತ ಒಂದು ಶೀಟ್ ಇರುತ್ತದೆ. ಎರರ್ ಬಂದ ಕೂಡಲೇ ಅಲ್ಲಿ ಒಂದು ಸಾಲು ಬೀಳುತ್ತದೆ: ಯಾವ ಮ್ಯಾಕ್ರೋ, ಎರರ್ ಸಂಖ್ಯೆ, ಎಕ್ಸೆಲ್‌ನ ಬಿಲ್ಡ್ (ಅಪ್‌ಡೇಟ್ ಆದಂತೆ ಬದಲಾಗುವ ಸಂಖ್ಯೆ), 32 ಬಿಟ್ಟೋ 64 ಬಿಟ್ಟೋ, ಫೈಲಿನ ದಾರಿ, ದಿನಾಂಕದ ಕ್ರಮ, ಲೆಕ್ಕದ ಕ್ರಮ. ಬರೀ ಆವೃತ್ತಿ ಸಂಖ್ಯೆ ಬರೆದಿಟ್ಟು ಲಾಭವಿಲ್ಲ. 2016, 2019, 2021, 365 ಎಲ್ಲವೂ 16.0 ಅಂತಲೇ ಹೇಳುತ್ತವೆ. ಬಳಸುವವರು ಆ ಸಾಲನ್ನು ಕಾಪಿ ಮಾಡಿ ಕಳಿಸಿದರೆ ಸಾಕು. "ಏನೋ ಬಂತು, ಓಕೆ ಒತ್ತಿಬಿಟ್ಟೆ" ಅನ್ನುವ ಮಾತಿನಿಂದ ಊಹೆ ಮಾಡುತ್ತಾ ಕೂರುವ ಕೆಲಸ ತಪ್ಪುತ್ತದೆ. ಓಡುವ ಕಂಪ್ಯೂಟರಿನದೂ ಒಂದು ಸಾಲು ತರಿಸಿಕೊಂಡು ಎರಡನ್ನೂ ಒಂದರ ಕೆಳಗೊಂದು ಇಟ್ಟರೆ, ವ್ಯತ್ಯಾಸ ಇರುವ ಕಾಲಂ ಕಣ್ಣಿಗೆ ಹೊಡೆಯುತ್ತದೆ. ಇದೇ ಎರರ್ ಹಿಡಿಯುವ ಭಾಗದಲ್ಲಿ 'ಎನೇಬಲ್ ಈವೆಂಟ್ಸ್' (ತಾನಾಗಿ ಓಡುವ ಮ್ಯಾಕ್ರೋಗಳ ಸ್ವಿಚ್) ಮತ್ತೆ ಟ್ರೂ ಮಾಡುವುದನ್ನೂ ಸೇರಿಸಿ. ಮಧ್ಯದಲ್ಲಿ ನಿಂತ ಮ್ಯಾಕ್ರೋ ಅದನ್ನು ಆಫ್ ಮಾಡಿಯೇ ಹೋಗಿದ್ದರೆ ಎಕ್ಸೆಲ್ ಮುಚ್ಚುವವರೆಗೆ, ಸೆಲ್ ಬದಲಾದಾಗಲೋ ಫೈಲು ತೆರೆದಾಗಲೋ ತಾನಾಗಿ ಓಡಬೇಕಾದ ಬೇರೆ ಮ್ಯಾಕ್ರೋಗಳೂ ಮೌನ.

ಯಾರು ತೆಗೆದುಕೊಳ್ಳಬಹುದು? ಎಲ್ಲರ ಬಳಿಯೂ ವಿಂಡೋಸ್‌ನ ಎಕ್ಸೆಲ್ ಇದ್ದರೆ ಧೈರ್ಯವಾಗಿ ಬಳಸಿ. ಮ್ಯಾಕ್ ಬಳಸುವವರೂ ಇದ್ದರೆ ಆಕ್ಟಿವ್‌ಎಕ್ಸ್, 'ಸ್ಕ್ರಿಪ್ಟಿಂಗ್ ಡಿಕ್ಷನರಿ' (ಪಟ್ಟಿ ಇಟ್ಟುಕೊಳ್ಳುವ ವಿಂಡೋಸ್ ಸಾಧನ), ವಿಂಡೋಸ್ ಎಪಿಐ ಮೂರನ್ನೂ ಬಿಟ್ಟು ಬರೆಯಬೇಕು. ಬ್ರೌಸರಿನಲ್ಲೋ ಮೊಬೈಲಿನಲ್ಲೋ ತೆರೆಯುವವರಿಗೆ ವಿಬಿಎ ಓಡುವುದೇ ಇಲ್ಲ. ಬ್ರೌಸರ್ ಬಳಸುವವರೇ ಜಾಸ್ತಿ ಇದ್ದರೆ ಬ್ರೌಸರಿನಲ್ಲೂ ಓಡುವ ಆಫೀಸ್ ಸ್ಕ್ರಿಪ್ಟ್ಸ್ ಕಡೆ ನೋಡಿ. ನಾನಂತೂ ವಿಬಿಎ ಬಿಡುವುದಿಲ್ಲ. ಕೊಡುವ ಮುಂಚೆ ಫೈಲನ್ನು ನನಗೇ ಮೇಲ್ ಮಾಡಿಕೊಂಡು, ನನ್ನದಲ್ಲದ ಒಂದು ಕಂಪ್ಯೂಟರಿನಲ್ಲಿ ಇಳಿಸಿ, ಅಲ್ಲಿ ದಿನಾಂಕದ ಕ್ರಮ ತಿರುಗಿಸಿ, ಸಿಂಕ್ ಆಗುವ ಫೋಲ್ಡರಿನಲ್ಲಿಟ್ಟು ಓಡಿಸಿ ನೋಡುತ್ತೇನೆ. ಅಲ್ಲಿ ಓಡಿದ ಮೇಲೆಯೇ ಉಳಿದವರಿಗೆ ಕಳಿಸುತ್ತೇನೆ.