15 ವರ್ಷದ ಡೀಸೆಲ್ ಸ್ವಿಫ್ಟ್: ದಿನಾ ಓಡಿಸುವವನ ಲೆಕ್ಕ

ಬೆಳಿಗ್ಗೆ ಏಳೂವರೆಗೆ ಕೀಲಿ ತಿರುಗಿಸಿದರೆ ಮೀಟರಿನಲ್ಲಿ ಸುರುಳಿಯಂಥ ಹಳದಿ ದೀಪ ಹತ್ತುತ್ತದೆ, ಎಂಜಿನ್ ಒಳಗೆ ಬಿಸಿಯಾಗುತ್ತಿದೆ ಅಂತ. ಅದು ಆರಿದ ಮೇಲೇ ಸ್ಟಾರ್ಟ್ ಮಾಡಬೇಕು. ಬೇಸಿಗೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು, ಮಳೆಗಾಲದ ಥಂಡಿಯಲ್ಲಿ ಸ್ವಲ್ಪ ಜಾಸ್ತಿ. ಇಷ್ಟು ಕಾಯಲಾಗದವರು ಹಳೇ ಡೀಸೆಲ್ ಕಾರಿನ ಸಹವಾಸಕ್ಕೆ ಬರಬೇಡಿ.

ನನ್ನದು 2010ರ ಸ್ವಿಫ್ಟ್ ವಿಡಿಐ. 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ 82,000 ಕಿ.ಮೀ. ಓಡಿತ್ತು, 3,10,000 ರೂಪಾಯಿ ಕೊಟ್ಟಿದ್ದೆ. ಈಗ ಮೀಟರು 2,51,000 ದಾಟಿದೆ. ಮನೆ ಸಿದ್ದಾಪುರದ ಹತ್ತಿರ, ನೌಕರಿ ಶಿರಸಿಯಲ್ಲಿ. ಹೋಗಿಬರಲು ದಿನಕ್ಕೆ 74 ಕಿ.ಮೀ. ಭಾನುವಾರ ಹಿಂದಿನ ಸೀಟು ಮಡಚಿದರೆ ಹಿಂಡಿ ಚೀಲ, ಅಡಿಕೆ ಚೀಲ ಎಲ್ಲ ಹಿಡಿಯುತ್ತದೆ. ಒಳಗಿನ ವಾಸನೆ ಬಗ್ಗೆ ಮಾತ್ರ ಕೇಳಬೇಡಿ.

ಎಂಜಿನ್ 1248 ಸಿಸಿ, 75 ಹಾರ್ಸ್‌ಪವರ್. ಮೂಲ ಫಿಯಟ್‌ನದು. ಇದೇ ಎಂಜಿನ್ ಡಿಸೈರ್, ರಿಟ್ಜ್, ಪುಂಟೊ, ಲೀನಿಯಾ, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಬಂತು. ಅದಕ್ಕೇ 'ನ್ಯಾಷನಲ್ ಎಂಜಿನ್' ಅಂತ ತಮಾಷೆಗೆ ಕರೆಯುತ್ತಾರೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ನಿಲ್ಲಿಸಿದರೂ ಬಿಡಿಭಾಗಕ್ಕೆ ನಾನು ಪರದಾಡಿಲ್ಲ. ಶಿರಸಿಯಲ್ಲಿ ಸಿಗದಿದ್ದರೆ ಮರುದಿನ ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿ ಕಳಿಸುತ್ತಾರೆ.

ಓಡಿಸಲು ಹೇಗಿದೆ? 2,000 ಆರ್‌ಪಿಎಂ ತನಕ ನಿದ್ದೆಗಣ್ಣು. ಎಂಜಿನ್‌ಗೆ ಗಾಳಿ ತುರುಕುವ ಟರ್ಬೊ ಎದ್ದ ಮೇಲೆ ಲಾರಿ ಹಿಂದೆ ಹಾಕುವುದು ಸಲೀಸು. ಹೊಸಬರು ತಿರುವಿನಲ್ಲಿ ಮೂರನೇ ಗೇರಿನಲ್ಲೇ ಎಳೆಯಲು ಹೋಗಿ ಗಕ್ಕನೆ ಆಫ್ ಮಾಡಿಕೊಳ್ಳುತ್ತಾರೆ. ಎರಡಕ್ಕೆ ಇಳಿಸಬೇಕು, ಅಷ್ಟೇ. ಹೊನ್ನಾವರಕ್ಕೆ ಗೇರುಸೊಪ್ಪ ಘಟ್ಟ ಇಳಿಯುವಾಗಲಂತೂ ಈ ಎಂಜಿನ್ ಬಲು ಇಷ್ಟ. ಗೇರಿನಲ್ಲೇ ಹಿಡಿದುಕೊಳ್ಳುತ್ತದೆ, ಬ್ರೇಕು ಬಿಸಿಯಾಗುವುದಿಲ್ಲ.

ಸದ್ದು ಮಾತ್ರ ಹೌದು, ಇದೆ. ಕಾರು ರಸ್ತೆ ಬಿಟ್ಟು ನಮ್ಮ ಓಣಿಗೆ ತಿರುಗುತ್ತಿದ್ದಂತೆ ಕೊಟ್ಟಿಗೆಯಲ್ಲಿ ಕೂಗು ಶುರು. "ನಿಮ್ಮ ಕಾರು ಬಂದಿದ್ದು ದನಕ್ಕೂ ಗೊತ್ತಾಗ್ತು" ಅಂತ ಹೆಂಡತಿಯ ನಗು.

ಈಗ ದುಡ್ಡಿನ ಮಾತು. ಲೀಟರಿಗೆ 19-20 ಕಿ.ಮೀ. ಕೊಡುತ್ತದೆ. 2025ರಲ್ಲಿದ್ದಂತೆ ಡೀಸೆಲ್ 91ರ ಆಸುಪಾಸು ಹಿಡಿದರೆ ದಿನಕ್ಕೆ ಸುಮಾರು 350 ರೂಪಾಯಿ. ಸಹೋದ್ಯೋಗಿಯ ಪೆಟ್ರೋಲ್ ಕಾರು ಇದೇ ರಸ್ತೆಯಲ್ಲಿ 15 ಕೊಡುತ್ತದೆ, ಅವರಿಗೆ 500 ಮೀರುತ್ತದೆ. ತಿಂಗಳಿಗೆ 24 ದಿನ ಹಿಡಿದರೆ ವರ್ಷಕ್ಕೆ ನನಗೆ 43,000 ಉಳಿತಾಯ. ಕೇಳಲು ಚೆಂದ, ಅಲ್ವಾ? ಆದರೆ ನನ್ನ ಹತ್ತಿರ ಇನ್ನೊಂದು ಪುಸ್ತಕ ಇದೆ, ರಿಪೇರಿಯದ್ದು. ಡೀಸೆಲ್, ವಿಮೆ ಬಿಟ್ಟು ಎಂಟು ವರ್ಷಕ್ಕೆ 2,15,000. ಅಂದರೆ ವರ್ಷಕ್ಕೆ 27,000 ವಾಪಸ್ ಹೋಯಿತು. ದಿನಕ್ಕೆ 20 ಕಿ.ಮೀ. ಓಡಿಸುವವರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅವರು ಸುಮ್ನೆ ಪೆಟ್ರೋಲ್ ಕಾರು ತಗೊಳ್ಳಲಿ.

ಆ ಪುಸ್ತಕದಲ್ಲಿ ಕ್ಲಚ್ ಇದೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎರಡಿದೆ, ಚಕ್ರ ಹಿಡಿದಿಡುವ ಲೋವರ್ ಆರ್ಮ್ ಮತ್ತೆ ಮತ್ತೆ ಇದೆ. ಅದು ನಮ್ಮ ರಸ್ತೆಯ ಕೊಡುಗೆ. ಟೈಮಿಂಗ್ ಚೈನ್ ಮಾತ್ರ ಪೂರ್ತಿ ನನ್ನದೇ ತಪ್ಪು. ಬೆಲ್ಟ್ ಅಲ್ಲ, ಚೈನ್. ಅದಕ್ಕೇನಾಗುತ್ತದೆ ಅಂತ 10,000 ಕಿ.ಮೀ.ಗೆ ಬದಲಿಸಬೇಕಾದ ಆಯಿಲ್ಲನ್ನು 15,000 ಕಿ.ಮೀ.ವರೆಗೆ ಎಳೆದೆ. ಹಳೇ ಆಯಿಲ್ಲಿನಲ್ಲಿ ಚೈನ್ ಸವೆಯಿತು. ಒಂದು ಬೆಳಿಗ್ಗೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು. ಕಿಟ್, ಕೂಲಿ ಸೇರಿ 14,000 ರೂಪಾಯಿ.

2021ರ ಜುಲೈನಲ್ಲಿ ಕಾನಸೂರು ದಾಟುತ್ತಿದ್ದಂತೆ ಕಾರು ಜಗ್ಗಾಡಿ ನಿಂತಿತು. ಧೋ ಮಳೆ. ಮೆಕ್ಯಾನಿಕ್ ಬೈಕಿನಲ್ಲೇ ಬಂದರು. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಬಾಟಲಿಗೆ ಹಿಡಿದರು. ಕೆಳಗೆ ನೀರು, ಮೇಲೆ ಡೀಸೆಲ್. ಹಿಂದಿನ ಸಂಜೆ ಎಲ್ಲಿ ಹಾಕಿಸಿದ್ದೆ ಅಂತ ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. "ಭಟ್ರೇ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಈ ನೀರು ಬಸೀರಿ. ನನ್ನ ಕರೀಬೇಡಿ" ಅಂದರು. ಅಲ್ಲಿಂದ ನಾನೇ ಬಸಿಯುತ್ತೇನೆ.

ನಿಜ ಹೇಳಬೇಕೆಂದರೆ ಈ ಕಾರಿಗೆ ಕೊಡುವ ಅಂಕದಲ್ಲಿ ಅರ್ಧ ಈ ಮೆಕ್ಯಾನಿಕ್‌ಗೇ ಸೇರಬೇಕು. ಬಾನೆಟ್ ಎತ್ತುವ ಮೊದಲೇ, ಸುಮ್ಮನೆ ನಿಂತು ಕೇಳಿ, "ಮೂರನೇ ಸಿಲಿಂಡರು" ಅನ್ನುತ್ತಾರೆ. ಆಮೇಲೆ ಇಂಜೆಕ್ಟರ್ ಬಿಚ್ಚಿ ಪರೀಕ್ಷೆಗೆ ಕಳಿಸಿದರೆ ಅದೇ ಇರುತ್ತದೆ. ದೊಡ್ಡ ವರ್ಕ್‌ಶಾಪೊಂದರಲ್ಲಿ ಟರ್ಬೊ ಪೂರ್ತಿ ಹೋಗಿದೆ ಅಂದಿದ್ದರು. ಇವರು ನೋಡಿ, ಸೀಳಿದ ರಬ್ಬರ್ ಪೈಪೊಂದನ್ನು ಬದಲಿಸಿ 900 ರೂಪಾಯಿ ತಗೊಂಡರು. ಟರ್ಬೊ ಇವತ್ತಿಗೂ ಅದೇ. ಘಟ್ಟ ಹತ್ತಿ ಬಂದ ಕೂಡಲೇ ಕೀಲಿ ತೆಗೆಯಬೇಡಿ, ಒಂದು ನಿಮಿಷ ಹಾಗೇ ಓಡಲಿ ಅಂತ ಹೇಳಿಕೊಟ್ಟವರೂ ಅವರೇ.

ಹೊಗೆ ನಿಯಮ ಬಿಗಿಯಾದ ಮೇಲೆ ಬಂದ ಹೊಸ ಬಿಎಸ್6 ಡೀಸೆಲ್‌ಗಳ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ತಲೆನೋವು ಇದಕ್ಕಿಲ್ಲ. ಹಾಗಂತ ಹೊಗೆ ಇಲ್ಲ ಅನ್ನಲಾರೆ. ಸಂಜೆ ಜೋರಾಗಿ ಒತ್ತಿದರೆ ಹಿಂದಿನ ಬೈಕಿನವನ ಮುಖ ಕನ್ನಡಿಯಲ್ಲಿ ಕಾಣುತ್ತದೆ. ನಾಚಿಕೆಯಾಗುತ್ತದೆ. ಏರ್‌ಬ್ಯಾಗೂ ಇಲ್ಲ; ಮಗಳಿಗೆ ಓಡಿಸಲು ಕೊಡದಿರಲು ಅದೇ ಕಾರಣ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಅಂತ ಬಂದ ಕಷ್ಟ ನಮ್ಮಲ್ಲಿಲ್ಲ. ಕಳೆದ ಸೆಪ್ಟೆಂಬರಿಗೆ ಆರ್‌ಸಿಗೆ, ಅಂದರೆ ನೋಂದಣಿ ಪತ್ರಕ್ಕೆ, 15 ವರ್ಷ ತುಂಬಿತು; ನವೀಕರಿಸಬೇಕಾಯಿತು. ಹೊಗೆ ತಪಾಸಣೆ ಚೀಟಿ, ವಿಮೆ, ಹಸಿರು ತೆರಿಗೆ, 5,000 ರೂಪಾಯಿ ನವೀಕರಣ ಶುಲ್ಕ. ಆರ್‌ಟಿಒ ಕಚೇರಿಗೆ ಗಾಡಿ ತಗೊಂಡು ಹೋಗಿ ತೋರಿಸಿದ್ದಾಯಿತು. ಇನ್ನು 2030ರವರೆಗೆ ಚಿಂತೆಯಿಲ್ಲ.

ಖುಷಿಯಿಂದ ಗ್ಯಾರೇಜಿಗೆ ಹೋಗಿ ಹೇಳಿದೆ. ಅವರು ಕೈ ಒರೆಸುತ್ತಾ, ಮಗನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದೆ, ನಮ್ಮನ್ನೂ ಬಾ ಅಂತಿದ್ದಾನೆ ಅಂದರು. ಯಾವಾಗ ಅಂತ ನಾನು ಕೇಳಲಿಲ್ಲ. ಮರುದಿನವೇ, ಇನ್ನೂ 1,200 ಕಿ.ಮೀ. ಬಾಕಿ ಇದ್ದರೂ, ಆಯಿಲ್ ಬದಲಿಸಿಕೊಂಡು ಬಂದೆ.