ಪಿಸ್ತೂಲಿನ ಜೊತೆ ಬರುವ ಫ್ರೀ ಹೋಲ್‌ಸ್ಟರ್ ಮನೆಗೆ ತರಬೇಡಿ

ಹೋದ ವರ್ಷದ ಆಯುಧಪೂಜೆಯ ದಿನ ನಮ್ಮ ಭಾವನ ತೊಡೆಗೆ ಅವರದೇ ಪಿಸ್ತೂಲಿನ ಗುಂಡು ತಗುಲಿತು. ಪುಣ್ಯಕ್ಕೆ ಮಾಂಸ ಸವರಿಕೊಂಡು ಹೋಗಿ ನೆಲಕ್ಕೆ ಬಡಿಯಿತು. ಲೈಸೆನ್ಸ್ ಪಡೆದು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವವರು ಬೆಂಗಳೂರಿನಲ್ಲಿ ಇದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ಭಾವನದು ನಗರ್ತಪೇಟೆಯಲ್ಲಿ ಚಿನ್ನದ ವ್ಯವಹಾರ. ರಾತ್ರಿ ಮಾಲು ಹಿಡಿದು ಬಸವನಗುಡಿಗೆ ಸ್ಕೂಟರ್‌ನಲ್ಲಿ ಬರಬೇಕು. ಕಮಿಷನರ್ ಕಚೇರಿಗೆ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಎಲ್ಲ ಮುಗಿಸಿ ಲೈಸೆನ್ಸ್ ತಗೊಂಡರು. ಒಂದು ಬಂದೂಕು ಅಂಗಡಿಯಲ್ಲಿ ಹಳೇ .32 (ಇದು ಗುಂಡಿನ ಅಳತೆ) ಪಿಸ್ತೂಲು ಸಿಕ್ಕಿತು. ನಾನೂ ಜೊತೆಗಿದ್ದೆ. ಅಂಗಡಿಯವನು ಬಲೇ ಮಾತುಗಾರ. "ಸಾರ್, ಇದು ಫ್ರೀ" ಅಂತ ಮೆತ್ತನೆ ಚರ್ಮದ ಹೋಲ್‌ಸ್ಟರ್, ಅಂದರೆ ಪಿಸ್ತೂಲು ಇಟ್ಟುಕೊಳ್ಳುವ ಸೊಂಟದ ಚೀಲ, ಕೊಟ್ಟ. "ಕಳ್ಳ ಎದುರಿಗೆ ನಿಂತಾಗ ಸ್ಲೈಡ್ ಎಳೀತಾ ಕೂರೋಕೆ ಆಗುತ್ತಾ? ಒಂದು ಗುಂಡು ಯಾವಾಗ್ಲೂ ಚೇಂಬರ್‌ನಲ್ಲೇ ಇರ್ಲಿ" ಅಂದ. ಸ್ಲೈಡ್ ಅಂದರೆ ಪಿಸ್ತೂಲಿನ ಮೇಲೆ ಹಿಂದಕ್ಕೆ ಎಳೆಯುವ ಭಾಗ, ಚೇಂಬರ್ ಅಂದರೆ ಹಾರಲು ಸಿದ್ಧವಾದ ಗುಂಡು ಕೂರುವ ಜಾಗ. ಆ ಹೋಲ್‌ಸ್ಟರ್, ಈ ಸಲಹೆ ಎರಡೂ ಸೇರಿಯೇ ಅನಾಹುತ ಆಗಿದ್ದು.

ಪೂಜೆಗೆ ಇಡುವ ಮುಂಚೆ ಭಾವ ಸ್ಲೈಡ್ ಎಳೆದರು. ಒಳಗಿದ್ದ ಗುಂಡು ಟಣ್ ಅಂತ ಕೆಳಗೆ ಬಿತ್ತು. ಆಮೇಲೆ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದಿಟ್ಟರು. ಖಾಲಿ ಆಯ್ತಲ್ಲ ಅಂತ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಲಾಕ್) ಹಾಕಲಿಲ್ಲ. ಮ್ಯಾಗಜಿನ್ ಇರುವಾಗ ಸ್ಲೈಡ್ ಎಳೆದರೆ ಹೋದ ಗುಂಡಿನ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು, ಆಮೇಲೆ ಬೆಳಕಿಗೆ ಹಿಡಿದು ಚೇಂಬರ್ ಒಳಗೆ ಕಣ್ಣಿಟ್ಟು ನೋಡಬೇಕು. ಅಂಗಡಿಯವನು ಇದನ್ನು ತೋರಿಸಿರಲೇ ಇಲ್ಲ. ಕುಂಕುಮ, ಸೇವಂತಿಗೆ ಹೂವು ಏರಿಸಿಕೊಂಡು ಅಷ್ಟು ಹೊತ್ತು ಅದು ಮಕ್ಕಳ ಮಧ್ಯೆ ಕೂತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಪೂಜೆ ಮುಗಿದ ಮೇಲೆ ಸೊಂಟದ ಹೋಲ್‌ಸ್ಟರ್‌ಗೆ ತುರುಕಿದರು. ಢಂ! ಬೆರಳು ಟ್ರಿಗರ್ ಮೇಲೆ ಇರಲೇ ಇಲ್ಲ. ಆ ಚರ್ಮ ಬೆವರು ಕುಡಿದು ಇನ್ನೂ ಮೆತ್ತಗಾಗಿತ್ತು. ಪಿಸ್ತೂಲು ಹೊರಗೆ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿತ್ತು, ಅಂಚು ಒಳಕ್ಕೆ ಮಡಚಿಕೊಂಡಿತ್ತು. ಆ ಮಡಿಕೆಯೇ ಟ್ರಿಗರ್ ಒತ್ತಿದ್ದು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು. ಪಿಸ್ತೂಲು ಜಪ್ತಿಯಾಯ್ತು, ಲೈಸೆನ್ಸ್ ಅಮಾನತಾಯ್ತು. ಅಂಗಡಿಯವನನ್ನು ಕೇಳಿದರೆ "ನಾನು ಹಾಗೆ ಹೇಳೇ ಇಲ್ಲ ಸಾರ್" ಅಂದ. ಬಿಲ್‌ನಲ್ಲಿ ಹೋಲ್‌ಸ್ಟರ್ ಇರಲೇ ಇಲ್ಲ. ಫ್ರೀ ಅಲ್ವಾ!

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲೂ ಇರಬೇಕು. ಅಂಗಡಿಗಳು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿವೆ. ಅಂಗಿ ಕೆಳಗೆ ಕಾಣದಿದ್ದರೆ ಸಾಕು ಅಂತ ಅವರ ಲೆಕ್ಕ. ನೀವು ಹಾಗೆ ನೋಡಬೇಡಿ. ಹೋಲ್‌ಸ್ಟರ್ ಗಟ್ಟಿಯಾಗಿರಬೇಕು, ನಿಮ್ಮ ಪಿಸ್ತೂಲಿನ ಅಳತೆಗೇ ಮಾಡಿಸಿದ್ದಾಗಿರಬೇಕು. ಟ್ರಿಗರ್ ಭಾಗ ಪೂರ್ತಿ ಒಳಗೆ ಹೋಗಬೇಕು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಖಾಲಿ ಪಿಸ್ತೂಲು ಹಾಕಿ ಟ್ರಿಗರ್ ಇರುವ ಕಡೆ ಹೊರಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಒಳಕ್ಕೆ ಬಗ್ಗಿದರೆ ಅಲ್ಲೇ ಬಿಟ್ಟು ಬನ್ನಿ. ಒಳಗೆ ಹಾಕುವಾಗ ಅವಸರ ಬೇಡ. ಅಂಗಿಯ ತುದಿ, ಜಾಕೆಟ್ ದಾರ ಸಿಕ್ಕಿಕೊಂಡರೂ ಇದೇ ಗತಿ.

ಹೊಸಬರಿಗೆ ಪಿಸ್ತೂಲಿಗಿಂತ ರಿವಾಲ್ವರ್ ವಾಸಿ ಅಂತ ನನಗನ್ನಿಸುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ನಲ್ಲಿ ಆರು ಗುಂಡು. ಸಿಲಿಂಡರ್ (ಗುಂಡು ಕೂರುವ ತಿರುಗುವ ಉರುಳೆ) ತೆರೆದರೆ ಆರೂ ಕಣ್ಣಿಗೆ ಬೀಳುತ್ತವೆ, ಏಳನೆಯದು ಎಲ್ಲೂ ಅಡಗಿರುವುದಿಲ್ಲ. ಸೊಂಟದಲ್ಲಿ ಸ್ವಲ್ಪ ಉಬ್ಬಿ ಕಾಣುತ್ತದೆ, ಕಾಣಲಿ ಬಿಡಿ. ಅಂದಹಾಗೆ ಎರಡೂ .32 ಅಂತ ಪಿಸ್ತೂಲಿನ ಗುಂಡನ್ನೇ ರಿವಾಲ್ವರ್‌ಗೆ ಕೊಳ್ಳಬೇಡಿ, ಅವು ಬೇರೆ ಬೇರೆ.

ಭಾವ ಈಗ ನಡೆದಾಡುತ್ತಿದ್ದಾರೆ. ಸಂಜೆ ಮಾಲು ತರಲು ಅಂಗಡಿಯ ಹುಡುಗನನ್ನು ಜೊತೆಗೆ ಕರೆದುಕೊಂಡು ಕಾರಿನಲ್ಲಿ ಬರುತ್ತಾರೆ. ಲೈಸೆನ್ಸ್ ವಿಚಾರಣೆ ಇನ್ನೂ ನಡೆಯುತ್ತಿದೆ.